ಬೇಸ್ ಗಿಟಾರ್ ಇಲ್ಲ ಅಂತ ಹಾಡು ಯಾಕೆ ನಿಲ್ಲಬೇಕು?



ಇದು ಉದ್ದದ ಪೋಸ್ಟು. ಅರ್ಧ ತಾಂತ್ರಿಕ, ಅರ್ಧ ಜಗಳ. ಹಾಡೋರು, ಬರೆಯೋರು, ತಮಟೆ ಹೊಡೆಯೋರು ಪೂರ್ತಿ ಓದಿ. ಮಿಕ್ಕವರು ಅಂಥೋರಿಗೆ ತಲುಪಿಸಿ.

ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರೂ ಕಡೆ ನಮ್ಮ ಕೇರಿಗಳಲ್ಲಿ ಹೊಸದಾಗಿ ಹಾಡು ಕಟ್ಟೋ ಹುಡುಗ ಹುಡುಗೀರು ಎಷ್ಟು ಜನ ಇದ್ದಾರೆ ಅನ್ನೋದು ಏಪ್ರಿಲ್ 14ರ ಆಸುಪಾಸು ಊರೂರು ತಿರುಗಿದವರಿಗೆ ಗೊತ್ತು. ಗಾರ್ಮೆಂಟ್ಸಿಗೆ ಹೋಗೋ ತಂಗಿ ಬಸ್ಸಲ್ಲಿ ಕೂತು ಮೊಬೈಲಲ್ಲಿ ಸಾಲು ಬರೀತಾಳೆ. ಎಳನೀರು ಲೋಡ್ ಮಾಡೋ ಹುಡುಗ ರಾಗ ಹಾಕ್ತಾನೆ. ಒಬ್ಬನ ಹತ್ರ ತಾತನ ಕಾಲದ ತಮಟೆ ಇದೆ, ಇನ್ನೊಬ್ಬನ ಹತ್ರ ಯಾರೋ ಬೆಂಗಳೂರಲ್ಲಿ ಮಾರಿದ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಇದೆ. ಹಾಡು ಚೆನ್ನಾಗೇ ಇರ್ತದೆ. ಜಯಂತಿ ದಿನ ಒಂದು ಸಲ ಹಾಡ್ತಾರೆ, ಜನ ಶಿಳ್ಳೆ ಹೊಡೀತಾರೆ, ಅಲ್ಲಿಗೆ ಮುಗೀತು. ರೆಕಾರ್ಡಿಂಗ್ ಇಲ್ಲ. ಮುಂದಿನ ವರ್ಷಕ್ಕೆ ಆ ಹಾಡು ಅರ್ಧ ಮರೆತಿರ್ತದೆ.

ಯಾಕ್ರಪ್ಪಾ ರೆಕಾರ್ಡ್ ಮಾಡಲಿಲ್ಲ ಅಂತ ಕೇಳಿದ್ರೆ ಮೂರು ತಂಡದವರು ಮೂರು ಊರಲ್ಲಿ ಒಂದೇ ಉತ್ತರ ಕೊಟ್ಟರು. "ಅಣ್ಣಾ, ಬೇಸ್ ಇಲ್ಲ. ಬೇಸ್ ಇಲ್ದೆ ಡೆಮೋ ಕಳಿಸಿದ್ರೆ ನಗಾಡ್ತಾರೆ."

ಈ ಮಾತಿಗೇ ನನ್ನ ತಕರಾರು. ಡೆಮೋ ಅಂದ್ರೆ ನಕ್ಷೆ. ಮನೆ ಕಟ್ಟೋಕೆ ಮುಂಚೆ ನಕ್ಷೆ ಬರೆಯೋಕೆ ಗಾರೆ ಕೆಲಸದವರು ಬೇಕಾಗಲ್ಲ. ನಿಮ್ಮ ಕೈಯಲ್ಲಿರೋ ಆರು ತಂತಿ ಎಲೆಕ್ಟ್ರಿಕ್ ಗಿಟಾರಿಂದಲೇ ಡೆಮೋಗೆ ಸಾಕಾಗೋಷ್ಟು ಬೇಸ್ ತೆಗೀಬಹುದು, ಖರ್ಚು ಹೆಚ್ಚಿಲ್ಲ. ಹೇಗೆ ಅಂತ ಕೆಳಗೆ ಬರ್ದಿದೀನಿ. ಆದ್ರೆ ಅದಕ್ಕೆ ಮುಂಚೆ ಯಾಕೆ ಅನ್ನೋದು.

ಹೋದ ವರ್ಷ ನಮ್ಮ ಒಂದು ತಂಡ ಸಾಲ ಸೋಲ ಮಾಡಿ ಒಂದು ಸ್ಟುಡಿಯೋಗೆ ಹೋಯ್ತು. ಯಾವ ಊರು, ಯಾರ ಸ್ಟುಡಿಯೋ ಅನ್ನೋದು ಇಲ್ಲಿ ಬೇಡ. ಗಂಟೆ ಲೆಕ್ಕದ ಬಾಡಿಗೆ. ಹುಡುಗ್ರ ಹತ್ರ ಡೆಮೋ ಇರಲಿಲ್ಲ, ಬಾಯಲ್ಲಿ ಹಾಡಿ ತೋರಿಸಿದ್ರು. ಮೊದಲ ಗಂಟೆ ಹಾಡು ವಿವರಿಸೋಕೇ ಹೋಯ್ತು. ಆಮೇಲೆ ಅಲ್ಲಿದ್ದ ಪುಣ್ಯಾತ್ಮ "ತಮಟೆ ಸೌಂಡು ಜಾಸ್ತಿ ಕಿವಿಗೆ ಹೊಡೀತದೆ" ಅಂತ ಅದನ್ನ ತೆಗೆದು ಕೀಬೋರ್ಡಿನ ರೆಡಿ ತಾಳ ಹಾಕಿದ. "ಕೇರಿ" ಅನ್ನೋ ಪದ ಇದ್ದ ಕಡೆ "ಊರು" ಅಂತ ಹಾಡಿಸಿದ. ಕೊನೆಗೆ ಹಾಡು ಯೂಟ್ಯೂಬಿಗೆ ಬಂದಾಗ ಸಂಗೀತ ಅನ್ನೋ ಜಾಗದಲ್ಲಿ ಅವನ ಹೆಸರು. ಕೇಳೋಕೆ ಹೋದ್ರೆ "ರಾಗ ನಿಮ್ಮದು ಅನ್ನೋಕೆ ಏನಿದೆ ಸಾಕ್ಷಿ?" ಅಂದ.

ಏನಿತ್ತು ಸಾಕ್ಷಿ? ಏನೂ ಇರಲಿಲ್ಲ.

ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ನುಡಿಯಲ್ಲಿ ಟಿಪ್ಪಣಿ ಹೊಡೆಯೋದು, ಕಡತ ಮಂಡಿಸೋದು, ಇನ್‌ವರ್ಡ್ ನಂಬರ್ ಹಾಕೋದೇ ನನ್ನ ಹೊಟ್ಟೆಪಾಡು. ಇನ್‌ವರ್ಡ್ ನಂಬರ್ ಬೀಳದ ಅರ್ಜಿ ಕಚೇರಿ ಕಣ್ಣಿಗೆ ಅರ್ಜಿನೇ ಅಲ್ಲ, ಕೊಟ್ಟವನು ಎಷ್ಟು ಅತ್ತು ಕರೆದ್ರೂ ಅಷ್ಟೇ. ನಿಮ್ಮ ಡೆಮೋ ಫೈಲೇ ನಿಮ್ಮ ಹಾಡಿನ ಇನ್‌ವರ್ಡ್ ನಂಬರ್ರು. ಅದರಲ್ಲಿ ತಾರೀಖು ಇರ್ತದೆ, ಯಾರು ಹಾಡಿದ್ರು ಯಾರು ಬಾರಿಸಿದ್ರು ಅನ್ನೋದು ಕೇಳಿಸ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಾಡು ಕಟ್ಟಿ ದಾಖಲಿಸಿದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ಆ ಹಕ್ಕನ್ನ ಬೇರೆಯವರಿಗೆ ವರ್ಗಾಯಿಸಬೇಕಾದ್ರೆ ಬರಹದಲ್ಲಿ, ಸಹಿ ಹಾಕಿ ಕೊಡಬೇಕು, ಬಾಯಿಮಾತಲ್ಲಿ ಆಗಲ್ಲ. 2012ರ ತಿದ್ದುಪಡಿ ಆದ ಮೇಲಂತೂ ಬರೆದವರು ಮತ್ತು ರಾಗ ಹಾಕಿದವರ ರಾಯಲ್ಟಿ ಪಾಲನ್ನ ಬರೆಸಿಕೊಂಡು ಬಿಡಿಸಿಕೊಳ್ಳೋಕೂ ಆಗಲ್ಲ. ಕಾನೂನು ನಮ್ಮ ಕಡೆಗಿದೆ. ಆದ್ರೆ ಕಾನೂನಿನ ಮುಂದೆ ಇಡೋಕೆ ಕೈಯಲ್ಲಿ ಒಂದು ಫೈಲ್ ಇರಬೇಕಲ್ವಾ?

ಸರಿ, ಇಷ್ಟಕ್ಕೂ ಬೇಸ್ ಯಾಕೆ ಬೇಕು? ತಮಟೆ, ಗಂಟಲು ಎರಡೇ ಇಟ್ಕೊಂಡು ರೆಕಾರ್ಡ್ ಮಾಡಿ ಅಂತ ನಮ್ಮ ಹಿರಿಯರು ಕೆಲವರು ಹೇಳ್ತಾರೆ. ಮಾಡಬಹುದು, ಎಷ್ಟೋ ಹಾಡಿಗೆ ಅದೇ ಸರಿ. ಆದ್ರೆ ತಮಟೆ ಸದ್ದು ಹೇಗಿರ್ತದೆ ನೋಡಿ. ಹುಲ್ಲು ಹಚ್ಚಿ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡೋದೇ ಸ್ವರ ಮೇಲೆ ಹೋಗಲಿ, ಏಟು ಚುರುಕಾಗಿ ಸಿಡೀಲಿ ಅಂತ. ಅದು ಮೇಲಿನ ಜಾಗ ತುಂಬ್ತದೆ. ಗಂಟಲು ನಡುವಿನ ಜಾಗ. ಕೆಳಗೆ ಖಾಲಿ. ಬಯಲಲ್ಲಿ ಹಾಡುವಾಗ ಅದು ಗೊತ್ತಾಗಲ್ಲ, ಜನರ ಗದ್ದಲ, ಹೆಜ್ಜೆ, ನಗಾರಿ ತುಂಬ್ಕೊಳ್ತವೆ. ರೆಕಾರ್ಡಿಂಗಲ್ಲಿ ಕೇಳಿದಾಗ ಮಾತ್ರ ಹಾಡು ಕಾಲಿಲ್ಲದೆ ಗಾಳೀಲಿ ನೇತಾಡ್ದಂಗೆ ಇರ್ತದೆ.

ಕೆಳಗೊಂದು ಸ್ವರ ಹಿಡಿದು ನಿಲ್ಲಿಸೋದು ಇಂಗ್ಲಿಷರು ಕಲಿಸಿದ ಬುದ್ಧಿ ಅಂತ ಯಾರೂ ತಿಳೀಬೇಡಿ. ಮಳವಳ್ಳಿ ಸೀಮೆಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಮಠ ಇದೆ. ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿ ಕತೆ ಹಾಡುವಾಗ ಹೆಗಲ ಮೇಲೆ ತಂಬೂರಿ, ಜೊತೆಗೆ ಡಕ್ಕೆ, ಗಗ್ಗರ, ತಾಳ. ಕತೆ ಎತ್ತ ಹೋದ್ರೂ ತಂಬೂರಿ ಬಿಡದೆ ಒಂದೇ ಶ್ರುತಿ ಮಿಡೀತಿರ್ತದೆ, ರಾತ್ರಿಯೆಲ್ಲಾ. ಹಾಡಿನ ತಳ ಅದು. ಬೇಸ್ ಗಿಟಾರ್ ಮಾಡೋದು ಸ್ವಲ್ಪ ಹೆಚ್ಚು ಓಡಾಡಿಕೊಂಡು ಅದೇ ಕೆಲಸ.

ಈಗ ಕೈಕೆಲಸಕ್ಕೆ ಬರ್ತೀನಿ.

ಗಿಟಾರ್‌ನ ಆರು ತಂತಿಯಲ್ಲಿ ದಪ್ಪನೆಯ ನಾಲ್ಕು ಇ, ಎ, ಡಿ, ಜಿ. ಬೇಸ್ ಗಿಟಾರ್‌ನ ನಾಲ್ಕು ತಂತಿಯೂ ಇ, ಎ, ಡಿ, ಜಿ. ಅವೇ ಹೆಸರು, ಅದೇ ಕ್ರಮ, ಬರೀ ಒಂದು ಆಕ್ಟೇವ್ ಕೆಳಗೆ. ಗಿಟಾರ್‌ನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 82 ಸಲ ಅದುರ್ತದೆ, ಬೇಸ್‌ನದ್ದು ಸುಮಾರು 41 ಸಲ. ಸರಿಯಾಗಿ ಅರ್ಧ. ಅಂದ್ರೆ ನೀವು ಗಿಟಾರಲ್ಲಿ ನುಡಿಸಿದ್ದನ್ನ ಅರ್ಧಕ್ಕೆ ಇಳಿಸಿದ್ರೆ ಬೇಸ್ ಸ್ವರ ಬಂತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಟೇಪನ್ನ ದುಪ್ಪಟ್ಟು ವೇಗದಲ್ಲಿ ಓಡಿಸಿ ರೆಕಾರ್ಡ್ ಮಾಡಿ ಮಾಮೂಲಿ ವೇಗದಲ್ಲಿ ಹಾಕಿ ಇಳಿಸೋರು. ಈಗ ಒಂದು ಬಟನ್ನು.

ತಂತಿಯನ್ನೇ ಸಡಿಲ ಬಿಟ್ಟು ಅಷ್ಟು ಕೆಳಗಿಳಿಸಬಹುದಲ್ಲಾ ಅಂತ ಒಬ್ಬ ಕೇಳಿದ. ಆಗಲ್ಲ ಕಣಪ್ಪಾ. ಒಂದೆರಡು ಸ್ವರ ಇಳಿಸೋ ಹೊತ್ತಿಗೇ ಸಡಿಲ ಆಗಿ ಫ್ರೆಟ್ಟಿಗೆ ಬಡೀತದೆ. ಬೇಸ್ ತಂತಿ ದಪ್ಪ ಇರೋದು, ಕತ್ತು ಉದ್ದ ಇರೋದು ಅದಕ್ಕೇ.

ಮೊದಲು ಕೈ. ಸಾಫ್ಟ್‌ವೇರ್ ಕಾಲು ಭಾಗ, ಕೈ ಮುಕ್ಕಾಲು ಭಾಗ. ಗಿಟಾರ್‌ನ ಸೆಲೆಕ್ಟರ್ ಸ್ವಿಚ್ಚನ್ನ ಕತ್ತಿನ ಕಡೆಯ ಪಿಕಪ್ಪಿಗೆ ತಿರುಗಿಸಿ, ಟೋನ್ ಗುಂಡಿಯನ್ನ ಪೂರ್ತಿ ಇಲ್ಲಾಂದ್ರೆ ಮುಕ್ಕಾಲು ಇಳಿಸಿ. ಪಿಕ್ ಜೇಬಿಗೆ ಹಾಕಿ. ಹೆಬ್ಬೆರಳಿನ ಮೆತ್ತನೆ ಭಾಗದಲ್ಲಿ ಮೀಟಿ, ಉಗುರು ತಾಗಬಾರದು. ಅಂಗೈಯ ಅಂಚನ್ನ ಬ್ರಿಡ್ಜ್ ಹತ್ರ ತಂತಿ ಮೇಲೆ ಸ್ವಲ್ಪ ಊರಿದ್ರೆ ಸ್ವರ ಉದ್ದಕ್ಕೆ ರಿಂಗಣಿಸದೆ "ದುಂ" ಅಂತ ನಿಲ್ತದೆ. ಸಣ್ಣ ಎರಡು ತಂತಿ ಇದಾವೆ ಅನ್ನೋದನ್ನೇ ಮರೆತುಬಿಡಿ.

ಒಂದು ಸಲಕ್ಕೆ ಒಂದೇ ಸ್ವರ. ಇದು ಮುಖ್ಯ. ಕಾರ್ಡ್ ಹಿಡಿದು ನುಡಿಸಿ ಕೆಳಗಿಳಿಸಿದ್ರೆ ರಾಡಿ ಆಗ್ತದೆ, ಗದ್ದೇಲಿ ಟ್ರ್ಯಾಕ್ಟರ್ ಹೂತ್ಕಂಡಂಗೆ. ಗಿಟಾರ್ ಕಲಿತ ಹುಡುಗ್ರಿಗೆ ಕೈ ತುರಿಸ್ತದೆ, ಎಲ್ಲಾ ಕಡೆ ಏನಾದ್ರೂ ತುಂಬಬೇಕು ಅನ್ನಿಸ್ತದೆ. ಬೇಡ. ತಮಟೆಯ ದೊಡ್ಡ ಏಟು ಎಲ್ಲಿ ಬೀಳ್ತದೋ ಅಲ್ಲಿ ಒಂದು ಸ್ವರ. ಮಿಕ್ಕಿದ್ದು ಖಾಲಿ ಬಿಡಿ. ಹಾಡೋರ ಮಾತು ಕೇಳಲಿ.

ರೆಕಾರ್ಡ್ ಮಾಡೋಕೆ ಗಿಟಾರಿಂದ ನೇರ ಯುಎಸ್‌ಬಿಗೆ ಹೋಗೋ ಕೇಬಲ್ ಸಿಗ್ತದೆ, ಒಂದು ತಂಡಕ್ಕೆ ಒಂದು ಸಾಕು. ಲ್ಯಾಪ್‌ಟಾಪು ಹೊಸದೇ ಬೇಕಿಲ್ಲ. ಡಿಗ್ರಿ ಓದುವಾಗ ಸರ್ಕಾರ ಎಸ್ಸಿ ಎಸ್ಟಿ ಮಕ್ಕಳಿಗೆ ಕೊಟ್ಟ ಲ್ಯಾಪ್‌ಟಾಪು ಎಷ್ಟೋ ಮನೆಯ ಬೀರುವಿನ ಮೇಲೆ ಧೂಳು ತಿಂತಾ ಕೂತಿದಾವೆ, ಕೆಳಗಿಳಿಸಿ. ಅದಕ್ಕೆ ಆಡಾಸಿಟಿ ಹಾಕಿಕೊಳ್ಳಿ, ಪುಕ್ಕಟೆ, ಕದ್ದ ಸಾಫ್ಟ್‌ವೇರ್ ಹಂಗಿಲ್ಲ. ಡಿಸ್ಟಾರ್ಷನ್, ಎಕೋ ಯಾವುದೂ ಇಲ್ಲದೆ ಶುದ್ಧವಾಗಿ ರೆಕಾರ್ಡ್ ಮಾಡಿ. ಆಮೇಲೆ ಆ ಟ್ರ್ಯಾಕನ್ನ ನಕಲು ಮಾಡಿ, ಕಂಟ್ರೋಲ್ ಡಿ ಒತ್ತಿದ್ರೆ ಆಯ್ತು. ಅಸಲನ್ನ ಮುಟ್ಟಬೇಡಿ. ನಕಲನ್ನ ಸೆಲೆಕ್ಟ್ ಮಾಡಿ ಎಫೆಕ್ಟ್ ಮೆನುವಿನಲ್ಲಿ ಚೇಂಜ್ ಪಿಚ್ ತೆರೆದು ಸೆಮಿಟೋನ್ ಅನ್ನೋ ಜಾಗದಲ್ಲಿ ಮೈನಸ್ 12 ಅಂತ ಹಾಕಿ. ಹೈ ಕ್ವಾಲಿಟಿ ಅಂತ ಒಂದು ಚೌಕ ಇರ್ತದೆ, ಟಿಕ್ ಮಾಡಿ. ಹಳೇ ಲ್ಯಾಪ್‌ಟಾಪಲ್ಲಿ ಸ್ವಲ್ಪ ಹೊತ್ತು ಹಿಡೀತದೆ, ಕಾಯಿರಿ.

ಬೇಸ್ ಬಂತು. ಆದ್ರೆ ಕೊಂಚ ಪ್ಲಾಸ್ಟಿಕ್ ಥರ ಕೇಳ್ತದೆ, ಮೀಟಿದ ಏಟು ಮಸುಕಾಗಿರ್ತದೆ. ಅದಕ್ಕೆ ಎರಡು ಉಪಾಯ. ಲೋ ಪಾಸ್ ಫಿಲ್ಟರ್ ಹಾಕಿ 800ರಿಂದ 1000 ಹರ್ಟ್ಸ್ ಮೇಲಿನದನ್ನ ಇಳಿಸಿ, ಪ್ಲಾಸ್ಟಿಕ್ ಕಿರಿಕಿರಿ ಹೋಗ್ತದೆ. ಕಂಪ್ರೆಸರ್ ಹಾಕಿ, ಒಂದು ಸ್ವರ ದೊಡ್ಡದು ಒಂದು ಸಣ್ಣದು ಆಗೋದು ನಿಲ್ತದೆ. ಆಮೇಲೆ ಮುಟ್ಟದೆ ಇಟ್ಟಿದ್ದ ಅಸಲು ಟ್ರ್ಯಾಕನ್ನ ಕೇಳಿಯೂ ಕೇಳದಷ್ಟು ಸಣ್ಣ ವಾಲ್ಯೂಮಲ್ಲಿ ಜೊತೆಗೆ ಬಿಡಿ. ಏಟಿನ ಮೊನೆ ವಾಪಸ್ ಬರ್ತದೆ.

ಇನ್ನೊಂದು ಕಾರಣಕ್ಕೂ ಆ ಅಸಲು ಟ್ರ್ಯಾಕ್ ಬೇಕು. ನಮ್ಮ ಜನ ಹಾಡು ಕೇಳೋದು ಯಾವುದರಲ್ಲಿ? ಮೊಬೈಲಿನ ಸ್ಪೀಕರಲ್ಲಿ. ಆ ಬೆರಳುಗುರಿನಷ್ಟು ಸ್ಪೀಕರಿಗೆ 200 ಹರ್ಟ್ಸ್ ಕೆಳಗಿನದ್ದು ಹೆಚ್ಚೇನೂ ಹೊರಡಿಸೋಕಾಗಲ್ಲ, 41 ಅಂತೂ ಇಲ್ವೇ ಇಲ್ಲ. ಆದ್ರೂ ಬೇಸ್ ಇದೆ ಅಂತ ನಮಗೆ ಅನ್ನಿಸ್ತದೆ, ಯಾಕಂದ್ರೆ ಒಂದು ಸ್ವರ ಹುಟ್ಟಿದಾಗ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟಿನ ಸ್ವರಗಳೂ ಜೊತೆಗೇ ಹುಟ್ಟುತ್ತವೆ. ಅವನ್ನ ಕೇಳಿಸ್ಕೊಂಡು ಕೆಳಗಿಲ್ಲದ ಸ್ವರವನ್ನ ನಮ್ಮ ತಲೆಯೇ ತುಂಬ್ಕೊಳ್ತದೆ. ಅಸಲು ಗಿಟಾರ್ ಟ್ರ್ಯಾಕು ಆ ಮೇಲಿನ ಸ್ವರಗಳನ್ನ ಒದಗಿಸ್ತದೆ. ಹೆಡ್‌ಫೋನಲ್ಲಿ ಒಂದು ಸಲ, ಮೊಬೈಲಲ್ಲಿ ಒಂದು ಸಲ, ಯಾರದಾದ್ರೂ ಆಟೋ ಸ್ಪೀಕರಲ್ಲಿ ಒಂದು ಸಲ ಕೇಳಿ ನೋಡಿ. ಮೂರರಲ್ಲೂ ಹಾಡಿನ ಮಾತು ತಿಳಿದ್ರೆ ಸಾಕು.

ತಮಟೆಗೆ ಒಂದು ಮಾತು. ಮೈಕಿನ ಮುಖಕ್ಕೇ ಹೊಡೀಬೇಡಿ, ಸದ್ದು ಒಡೆದು ಹೋಗ್ತದೆ, ಆಮೇಲೆ ಯಾವ ಸಾಫ್ಟ್‌ವೇರೂ ಸರಿ ಮಾಡಲ್ಲ. ಎಂಟು ಹತ್ತು ಅಡಿ ದೂರ ನಿಂತು ಹೊಡೀರಿ. ಗೋಡೆ ಹತ್ರ ಬೇಡ. ತಮಟೆಯನ್ನೇ ಮೊದಲು ರೆಕಾರ್ಡ್ ಮಾಡಿ, ಅದನ್ನ ಕೇಳ್ಕೊಂಡು ಬೇಸ್ ನುಡಿಸಿ. ಮೊಬೈಲ್ ಆ್ಯಪುಗಳಲ್ಲಿ ರೆಡಿಮೇಡ್ ಬೇಸ್ ಲೂಪ್ ಸಿಗ್ತವಲ್ಲ, ಅವು ನಮಗೆ ಒಗ್ಗದೇ ಇರೋದು ಇಲ್ಲೇ. ನಮ್ಮ ತಮಟೆ ಕಾವೇರಿದಂಗೆ ವೇಗ ಏರ್ತದೆ, ಗಡಿಯಾರದಂಗೆ ಒಂದೇ ಸಮ ಇರಲ್ಲ. ಲೂಪು ಗಡಿಯಾರ. ಲೂಪಿಗೆ ತಕ್ಕಂಗೆ ತಮಟೆಯವನು ಕೈ ಕಟ್ಟಿ ಹೊಡೆದ್ರೆ ಅದು ತಮಟೆನೇ ಅಲ್ಲ. ಹೆಬ್ಬೆರಳಲ್ಲಿ ಗಿಟಾರ್ ಮೀಟೋ ಹುಡುಗ ಮಾತ್ರ ತಮಟೆ ಜೊತೆ ಓಡಬಲ್ಲ.

ಇದೇನು ನಮ್ಮಂಥ ಬಡವರ ಅಡ್ಡದಾರಿ ಅಂತ ಕೀಳರಿಮೆ ಬೇಡ. ವೈಟ್ ಸ್ಟ್ರೈಪ್ಸ್ ಅಂತ ಅಮೆರಿಕದ ಇಬ್ಬರೇ ಇದ್ದ ತಂಡ. 2003ರಲ್ಲಿ ಅವರ ಸೆವೆನ್ ನೇಷನ್ ಆರ್ಮಿ ಬಂತು. ಫುಟ್‌ಬಾಲ್ ಮೈದಾನಗಳಲ್ಲಿ ಸಾವಿರಾರು ಜನ ಒಟ್ಟಿಗೆ "ಓ ಓ" ಅಂತ ಕೂಗ್ತಾರಲ್ಲ ಆ ರಾಗ. ಕೇಳಿದವರೆಲ್ಲ ಬೇಸ್ ಗಿಟಾರ್ ಅಂದ್ಕೊಂಡ್ರು. ಅದು ಮಾಮೂಲಿ ಗಿಟಾರು, ಪೆಡಲ್ ಹಾಕಿ ಒಂದು ಆಕ್ಟೇವ್ ಇಳಿಸಿದ್ದು. ನಾವು ಆಡಾಸಿಟಿಯಲ್ಲಿ ಮಾಡಿದ್ದನ್ನೇ ಅವರು ಕಾಲಡಿ ಪೆಡಲಲ್ಲಿ ಮಾಡಿದ್ರು, ಅದೂ ಡೆಮೋಗಲ್ಲ, ಕೊನೇ ರೆಕಾರ್ಡಿಂಗಿಗೇ.

ಹತ್ತಿರದ ಉದಾಹರಣೆ ಬೇಕು ಅಂದ್ರೆ ಚೆನ್ನೈಗೆ ಹೋಗೋಣ. ಪಾ. ರಂಜಿತ್ ಅವರ ನೀಲಂ ಮತ್ತು ಸಂಗೀತಗಾರ ಟೆನ್ಮಾ ಸೇರಿ 2018ರ ಜನವರಿಯಲ್ಲಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ಅನ್ನು ವೇದಿಕೆಗೆ ತಂದರು. ಪರೈ, ಗಾನಾ ಪಾಟು, ರ‍್ಯಾಪು, ಜೊತೆಗೆ ಎಲೆಕ್ಟ್ರಿಕ್ ಗಿಟಾರ್, ಬೇಸ್. ಪರೈ ಬಂದದ್ದು ಗಿಟಾರಿಗೆ ಒಗ್ಗರಣೆ ಹಾಕೋಕಲ್ಲ. ಪರೈ ಮುಂದೆ, ಗಿಟಾರ್ ಅದರ ಹಿಂದೆ. ಮೀಸಲಾತಿ, ಮಲ ಹೊರೋ ಕೆಲಸ, ಮರ್ಯಾದೆಗೇಡು ಹತ್ಯೆ ಎಲ್ಲಾ ಅದರ ಮೇಲೆ ಹಾಡಾಯ್ತು. ಪಂಜಾಬಿನ ಗಿನ್ನಿ ಮಾಹಿ ಬಾಬಾಸಾಹೇಬರ ಹಾಡನ್ನ ಜೋರು ಪಾಪ್ ಬೀಟಿಗೆ ಹಾಡಿದ್ರು. ನಮ್ಮಲ್ಲಿ ಗಂಟಲು ಕಮ್ಮಿಯಾ? ಜನ್ನಿ, ಪಿಚ್ಚಳ್ಳಿ ಶ್ರೀನಿವಾಸ್ ಅಂಥವರು ಮೈಕೇ ಇಲ್ಲದೆ ಬಯಲಲ್ಲಿ ಹಾಡಿದ ನಾಡಿದು. ಸಿದ್ದಲಿಂಗಯ್ಯನವರ ಹೊಲೆಮಾದಿಗರ ಹಾಡು 1975ರಲ್ಲಿ ಪುಸ್ತಕವಾಗಿ ಬಂತು, ಆದ್ರೆ ಪುಸ್ತಕ ಓದದವರಿಗೂ ಅದು ಮುಟ್ಟಿದ್ದು ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಹಾಡಿದ್ದರಿಂದ. ಆವಾಗ ಜಾಥಾ ಇತ್ತು. ಈಗ ಮೊಬೈಲ್ ಇದೆ. ಮೊಬೈಲಿಗೆ ಹೋಗಬೇಕಾದ್ರೆ ಫೈಲ್ ಬೇಕು.

ಹಿರಿಯ ಸಂಗಾತಿಯೊಬ್ಬರು ಹೋದ ತಿಂಗಳು ಸಭೇಲೇ ನನ್ನ ತರಾಟೆಗೆ ತಗಂಡ್ರು. "ಗಿಟಾರು ನಮ್ಮದಲ್ಲ ಕಣಯ್ಯ, ತಮಟೆನೇ ನಮ್ಮ ಗುರುತು." ಅವರ ಮೇಲೆ ನನಗೆ ಗೌರವ ಇದೆ. ಆದ್ರೂ ಕೇಳ್ತೀನಿ, ಹಾರ್ಮೋನಿಯಂ ನಮ್ಮದಾ? ಅದು ಯೂರೋಪಿಂದ ಬಂದದ್ದು. ಆಕಾಶವಾಣಿಯವರು 1940ರಿಂದ ಮೂವತ್ತು ವರ್ಷ ಅದನ್ನ ಬಾಗಿಲ ಹೊರಗೇ ನಿಲ್ಲಿಸಿದ್ರು. ಅಷ್ಟೂ ವರ್ಷ ಮಂಡ್ಯ ಜಿಲ್ಲೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಹಾರ್ಮೋನಿಯಂ ಮೇಷ್ಟ್ರಿಲ್ಲದೆ ನಡೀತಾ ಇತ್ತಾ? ಇನ್ನು ತಮಟೆ ವಿಷಯ. ತಮಟೆ ನಮ್ಮದು ಅಂತ ಎದೆ ತಟ್ಟಿ ಹೇಳೋ ನಮಗೇ ಗೊತ್ತು, ಅದನ್ನ ನಮ್ಮ ಹೆಗಲಿಗೆ ಹಾಕಿದ್ದು ಯಾರು ಅಂತ. ಊರಿನ ಸಾವಿಗೆ, ಹಬ್ಬಕ್ಕೆ, ಸಾರೋಕೆ ಬಿಟ್ಟಿಯಾಗಿ ಹೊಡೀಬೇಕಿತ್ತು. ಹೊಡೆಯಲ್ಲ ಅಂತ ತಿರುಗಿ ನಿಂತವರ ಮಕ್ಕಳು ನಾವು. ಇವತ್ತು ಅದೇ ತಮಟೆ ನಮ್ಮ ಮೆರವಣಿಗೆ ಮುಂದೆ ಇದ್ರೆ ಅದು ನಾವು ಆರಿಸಿಕೊಂಡದ್ದರಿಂದ. ತಮಟೆಯನ್ನ ಆರಿಸಿಕೊಂಡ ಕೈಗೆ ಗಿಟಾರನ್ನ ಆರಿಸಿಕೊಳ್ಳೋ ಹಕ್ಕಿಲ್ವಾ? ಯಾವ ವಾದ್ಯ ಯಾರು ಮುಟ್ಟಬೇಕು ಅನ್ನೋ ಪಟ್ಟಿಯನ್ನ ನಾವೇ ಇನ್ನೊಂದು ಬರೀಬಾರದು.

ಇದರ ಮಿತಿಯನ್ನೂ ಹೇಳಿಬಿಡ್ತೀನಿ, ಆಮೇಲೆ ಯಾರೂ ಬಂದು ಬೈಬಾರದು. ವೇಗವಾಗಿ ಓಡೋ ಬೇಸ್ ಈ ದಾರೀಲಿ ಚೆನ್ನಾಗಿ ಬರಲ್ಲ, ಸ್ವರ ಒಂದರ ಮೇಲೊಂದು ಬಿದ್ದಂಗೆ ಆಗ್ತದೆ. ಬೇಸಿನ ದಪ್ಪ ತಂತಿಗೆ ಇರೋ ತೂಕ ಗಿಟಾರ್ ತಂತಿಗೆ ಬರಲ್ಲ. ಜಯಂತಿ ಮೆರವಣಿಗೆಯ ಡಿಜೆ ಬಾಕ್ಸಿಗೆ ಈ ಫೈಲ್ ಹಾಕಿದ್ರೆ ಬರೀ ಗುಂಯ್ ಅನ್ನುತ್ತೆ, ಹಾಕಬೇಡಿ. ಕೊನೇ ರೆಕಾರ್ಡಿಂಗಿಗೆ ನಿಜವಾದ ಬೇಸ್ ನುಡಿಸೋರನ್ನೇ ಕರೀರಿ, ಅವರಿಗೆ ಕೂಲಿ ಕೊಡಿ. ಹೊಸ ಬೇಸ್ ಗಿಟಾರಿಗೆ ದುಡ್ಡು ಜಾಸ್ತಿ ಆಗ್ತದೆ, ಮೂರು ತಂಡ ಸೇರಿ ಒಂದು ತಗಂಡ್ರೆ ನನಗೂ ಖುಷಿ, ನನ್ನ ಪಾಲು ಹಾಕ್ತೀನಿ. ಆವಾಗಲೂ ಈ ಅಭ್ಯಾಸ ವ್ಯರ್ಥ ಆಗಲ್ಲ, ಅವೇ ನಾಲ್ಕು ತಂತಿ, ಅದೇ ಬೆರಳ ಜಾಗ. ಅಷ್ಟರ ತನಕ ಹಾಡು ಕಾಯಬಾರದು.

ಸ್ಟುಡಿಯೋಗೆ ಹೋಗೋ ತಂಡದವರು ಡೆಮೋವನ್ನ ಮುಂಚೆಯೇ ಕಳಿಸಿ. ತಮಟೆ ಎಲ್ಲಿ ಬರ್ತದೆ, ಬೇಸ್ ಎಲ್ಲಿ ಬರ್ತದೆ, ಯಾವ ಪದ ಬದಲಾಗಕೂಡದು ಅಂತ ಜೊತೆಗೆ ಒಂದು ಹಾಳೆ. "ನೀವು ಹೇಳಿದಂಗೆ ಮಾಡ್ತೀವಿ ಅಣ್ಣಾ" ಅಂತ ಅಲ್ಲಿ ಹೋಗಿ ತಲೆ ಅಲ್ಲಾಡಿಸೋದಕ್ಕೂ "ನಮ್ಮ ಹಾಡು ಹಿಂಗಿದೆ, ಹಿಂಗೇ ಬೇಕು" ಅಂತ ಫೈಲ್ ಮುಂದಿಡೋದಕ್ಕೂ ವ್ಯತ್ಯಾಸ ಇದೆ. ಗಂಟೆ ಬಾಡಿಗೆನೂ ಉಳೀತದೆ.

ಫೈಲಿನ ಹೆಸರಲ್ಲಿ ಹಾಡಿನ ಹೆಸರು, ತಾರೀಖು ಹಾಕಿ. ಹಾಡಿನ ಕೊನೇಲಿ ಅರ್ಧ ನಿಮಿಷ ಬಿಟ್ಟು ಒಬ್ಬರು ಬಾಯಲ್ಲೇ ಹೇಳಿ, ಬರೆದದ್ದು ಯಾರು, ರಾಗ ಯಾರದು, ತಮಟೆ ಯಾರು, ಗಿಟಾರ್ ಯಾರು, ಯಾವ ಊರು, ಯಾವ ದಿನ. ಎಲ್ಲರೂ ಇರೋ ವಾಟ್ಸಾಪ್ ಗುಂಪಿಗೆ ಹಾಕಿ, ಇಮೇಲಿಗೂ ಒಂದು ಕಳಿಸ್ಕೊಳ್ಳಿ. ಮೊಬೈಲ್ ಕಳ್ದೋಯ್ತು ಅಂತ ನನ್ನ ಹತ್ರ ಬರಬೇಡಿ.

ಮಳವಳ್ಳಿ ಕಡೆಯವರಿಗೆ ಇನ್ನೊಂದು ಕೋರಿಕೆ. ನಿಮ್ಮ ಊರಲ್ಲಿ ತಂಬೂರಿ ಹಿಡಿದು ಹಾಡೋ ಹಿರೀಕರು ಇನ್ನೂ ಇದ್ರೆ, ಈ ಬೇಸ್ ಗೀಸ್ ಯಾವುದೂ ಬೇಡ, ಮೊದಲು ಅವರನ್ನ ಅವರಿದ್ದಂಗೇ ರೆಕಾರ್ಡ್ ಮಾಡಿ. ಮಳವಳ್ಳಿ ಮಹದೇವಸ್ವಾಮಿ ಅವರ ಕ್ಯಾಸೆಟ್ಟು ಊರೂರಲ್ಲಿ ಕೇಳಿ ಬೆಳೆದವರು ನಾವು. ಆದ್ರೆ ಕ್ಯಾಸೆಟ್ಟಿಗೆ ಬಾರದ ಗಂಟಲು ಎಷ್ಟೋ ಇದಾವೆ. ಅವರು ತಂಬೂರಿ ಮಿಡಿಯೋ ಬೆರಳನ್ನ ಗಿಟಾರ್ ಹುಡುಗ್ರು ಹತ್ರ ಕೂತು ನೋಡಿ. ಯೂಟ್ಯೂಬಲ್ಲಿ ಬೇಸ್ ಪಾಠ ನೋಡೋಕಿಂತ ಮುಂಚೆ.

ಈ ತಿಂಗಳ ಎರಡನೇ ಶನಿವಾರ ನನಗೆ ಕಚೇರಿ ರಜೆ. ಮದ್ದೂರಲ್ಲಿ ಕೂರೋಣ, ಮೂರೂ ಕಡೆಯವರಿಗೆ ಬಸ್ಸು ಅನುಕೂಲ. ಜಾಗ ಇನ್‌ಬಾಕ್ಸಲ್ಲಿ ಹೇಳ್ತೀನಿ. ಗಿಟಾರ್ ಇರೋರು ಗಿಟಾರ್ ತನ್ನಿ, ತಮಟೆ ಇರೋರು ತಮಟೆ, ಲ್ಯಾಪ್‌ಟಾಪ್ ಇರೋರು ಚಾರ್ಜರ್ ಸಮೇತ. ಯುಎಸ್‌ಬಿ ಕೇಬಲ್ ನನ್ನ ಹತ್ರ ಒಂದಿದೆ. ತಮಟೆ ಕಾಯಿಸೋಕೆ ಹುಲ್ಲು ಮಾತ್ರ ಅಲ್ಲಿ ಸಿಗಲ್ಲ, ಯಾರಾದ್ರೂ ಒಂದು ಕಂತೆ ಹಿಡ್ಕಂಡು ಬನ್ನಿ.

ಜೈಭೀಮ್.